ಗದ್ದಲದೊಳಗಿನ ದನಿ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಮಳೆಗಾಲದಲ್ಲಿ ನಮ್ಮ ತಗಡಿನ ಕೊಠಡಿಯಲ್ಲಿ ಪಾಠ ಕೇಳಿಸುತ್ತಿರಲಿಲ್ಲ. ಆದರೂ ಹಾಜರಿ ಕರೆಯುವಾಗ ನಮ್ಮ ನಮ್ಮ ಹೆಸರು ಕಿವಿಗೆ ಬೀಳುತ್ತಿತ್ತು. ಗೊತ್ತಿರುವ ದನಿಯನ್ನು ಗದ್ದಲದಲ್ಲೂ ಹಿಡಿಯಬಹುದು.

ಮೊಬೈಲಿನ ಜಿಪಿಎಸ್ ಮಾಡುವುದೂ ಇದನ್ನೇ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹದಿಂದ ಸಂಕೇತವು ಅಗಲವಾಗಿ ಹರಡಿಕೊಂಡು ಬರುತ್ತದೆ. ಇಲ್ಲಿಗೆ ತಲುಪುವಾಗ ಅದು ಗದ್ದಲಕ್ಕಿಂತಲೂ ಕ್ಷೀಣ. ಆದರೆ ಅದರ 1023 ಅಂಕಿಗಳ ಮಾಲೆ ಮೊಬೈಲಿಗೆ ಮೊದಲೇ ಗೊತ್ತು, ಹೋಲಿಸಿ ಹಿಡಿಯುತ್ತದೆ.

ಮಾಲೆಯೇ ಗೊತ್ತಿಲ್ಲದಿದ್ದರೆ? ಅದಕ್ಕೂ ದಾರಿಯಿದೆ. ಆ ಮಾಲೆ ಮಿಲಿಸೆಕೆಂಡಿಗೊಮ್ಮೆ ಮರುಕಳಿಸುತ್ತದೆ, ಗದ್ದಲ ಮರುಕಳಿಸುವುದಿಲ್ಲ. ಈಗ ಬಂದದ್ದನ್ನು ಒಂದು ಮಿಲಿಸೆಕೆಂಡು ಹಿಂದೆ ಬಂದದ್ದರೊಂದಿಗೆ ಗುಣಿಸಿ ಕೂಡುತ್ತಾ ಹೋಗಬೇಕು. ನೂರು ಪಟ್ಟು ಹೆಚ್ಚು ಹೊತ್ತು ಕೂಡಿದರೆ ಸಂಕೇತದ ಪಾಲು ನೂರು ಪಟ್ಟು ಬೆಳೆಯುತ್ತದೆ, ಗದ್ದಲದ ಏರಿಳಿತ ಹತ್ತು ಪಟ್ಟು ಮಾತ್ರ. ಮರುಕಳಿಸುವ ಅವಧಿಯೂ ತಿಳಿಯದಿದ್ದರೆ ಒಂದೊಂದೇ ಅಂತರವನ್ನು ಪರೀಕ್ಷಿಸಬೇಕು.

ಇಲ್ಲಿ ಎರಡು ತಪ್ಪುಗಳಾಗಬಹುದು: ಇಲ್ಲದ್ದನ್ನು ಇದೆ ಎನ್ನುವುದು, ಇರುವುದನ್ನು ಇಲ್ಲ ಎನ್ನುವುದು. ಅವಸರಪಟ್ಟರೆ ಎರಡೂ ಹೆಚ್ಚು.

ಎಂಟನೇ ತರಗತಿಯಲ್ಲಿ ನಾನು ಹಿಂದಿನ ಬೆಂಚಿನವನು. ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ‘ಇವನಿಗೇನೂ ಬರುವುದಿಲ್ಲ’ ಎಂದು ಗಣಿತದ ಮೇಷ್ಟ್ರು ಕೈಬಿಡಬಹುದಿತ್ತು. ಬಿಡಲಿಲ್ಲ. ದಿನವೂ ನನ್ನನ್ನು ಕೇಳಿದರು, ಕಾದರು. ಎಷ್ಟೋ ದಿನಗಳ ಮೇಲೆ ನನ್ನ ದನಿ ಅವರಿಗೆ ಕೇಳಿಸಿತು; ನನಗೂ ಕೇಳಿಸಿತು.

ಶಿಕ್ಷಕ ಬಂಧುಗಳೇ, ಇಂದೂ ಹಿಂದಿನ ಬೆಂಚಿನಲ್ಲಿ ಅಂಥ ಮಕ್ಕಳಿದ್ದಾರೆ. ದಯವಿಟ್ಟು ಇನ್ನೊಮ್ಮೆ ಕೇಳಿ.