ನಿಧಾನ ಕಲಿಸಿದ ಫಿಲ್ಮು



ಹಳೆಯ ಛಾಯಾಗ್ರಾಹಕರು ನಾಲ್ವರು ಕೂಡಿದ ಕಡೆ ಒಂದು ಹೆಸರು ಬಾರದೆ ಇರುವುದಿಲ್ಲ: ಪ್ಯಾನಟಾಮಿಕ್-ಎಕ್ಸ್. ಕೊಡಕ್ ಕಂಪನಿಯ ಈ ಕಪ್ಪು-ಬಿಳುಪು ಫಿಲ್ಮು ಬಂದದ್ದು 1933ರಲ್ಲಿ. ನಮ್ಮ ನಿಮ್ಮ ಕ್ಯಾಮೆರಾಗಳಿಗೆ ಸಿಗುತ್ತಿದ್ದ ಅದರ ರೋಲು 1987ರಲ್ಲಿ ನಿಂತಿತು. 'ಅಂಥ ಫಿಲ್ಮು ಮತ್ತೆ ಬರಲೇ ಇಲ್ಲ' ಎಂಬ ಕೊರಗು ಮಾತ್ರ ನಿಂತಿಲ್ಲ. ಈ ಕೊರಗಿನಲ್ಲಿ ನಿಜವೆಷ್ಟು?

ಫಿಲ್ಮಿನ ಮೇಲೆ ಜೆಲಟಿನ್ ಲೇಪವಿರುತ್ತದೆ. ಅದರೊಳಗೆ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳು. ಬೆಳಕು ಸೋಕಿದ ಹರಳು ಡೆವಲಪರ್‌ನಲ್ಲಿ ಕಪ್ಪು ಬೆಳ್ಳಿಯಾಗುತ್ತದೆ. ಹರಳು ದೊಡ್ಡದಾದರೆ ಬೆಳಕನ್ನು ಬೇಗ ಹಿಡಿಯುತ್ತದೆ. ಆದರೆ ಚಿತ್ರವನ್ನು ಹಿಗ್ಗಿಸಿದಾಗ ರವೆ ಚೆಲ್ಲಿದಂತೆ ಕಾಣುತ್ತದೆ. ಹರಳು ಸಣ್ಣದಾದರೆ ಚಿತ್ರ ನುಣುಪು, ಫಿಲ್ಮು ಮಂದ.

ಪ್ಯಾನಟಾಮಿಕ್-ಎಕ್ಸ್‌ನ ವೇಗ ಬರೀ 32. ವೇಗ 400ರ ಫಿಲ್ಮಿಗೆ ಸಾಕಾಗುವ ಬೆಳಕಿನ ಹನ್ನೆರಡು ಪಟ್ಟಿಗೂ ಹೆಚ್ಚು ಬೆಳಕು ಇದಕ್ಕೆ ಬೇಕು. ಉರಿಬಿಸಿಲಿನಲ್ಲೂ ಎಫ್-16 ಇಟ್ಟರೆ ಶಟರ್ ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಕೈ ಅಲುಗಿದರೆ ಚಿತ್ರ ಕೆಟ್ಟಿತು. ಆದ್ದರಿಂದ ಟ್ರೈಪಾಡ್ ನಿಲ್ಲಿಸಬೇಕು, ಗಾಳಿ ತಣಿಯುವವರೆಗೆ ಕಾಯಬೇಕು, ರೋಲಿನ 36 ಚಿತ್ರಗಳನ್ನು ಎಣಿಸಿ ಎಣಿಸಿ ಖರ್ಚು ಮಾಡಬೇಕು.

ಇಷ್ಟು ಒಳ್ಳೆಯದನ್ನು ನಿಲ್ಲಿಸಿದ್ದೇಕೆ? 1986ರಲ್ಲಿ ಕೊಡಕ್ ಕಂಪನಿಯೇ ಟಿ-ಮ್ಯಾಕ್ಸ್ 100 ಎಂಬ ಫಿಲ್ಮನ್ನು ತಂದಿತು. ಅದರ ಹರಳುಗಳು ಚಪ್ಪಟೆ. ಬೆಳಕಿಗೆ ಅಗಲವಾಗಿ ಮೈಯೊಡ್ಡುತ್ತವೆ. ವೇಗ ಮೂರು ಪಟ್ಟಾಯಿತು, ನುಣುಪು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಹಳೆಯದರ ಬೂದು ಛಾಯೆಗಳ ಸೊಗಸೇ ಬೇರೆ ಎನ್ನುವವರಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ನಾವು ನಿಜವಾಗಿ ಕಳೆದುಕೊಂಡದ್ದು ಸಣ್ಣ ಹರಳನ್ನಲ್ಲ, ಅದು ನಮ್ಮ ಮೇಲೆ ಹೇರಿದ್ದ ತಾಳ್ಮೆಯನ್ನು ಎಂದೇ ನನ್ನ ಎಣಿಕೆ. ಆ ತಾಳ್ಮೆಯನ್ನು ಯಾವ ಕ್ಯಾಮೆರಾ ಹಿಡಿದೂ ಮತ್ತೆ ರೂಢಿಸಿಕೊಳ್ಳಬಹುದು.

ಮತ್ತೆ ಪಡೆಯಲಾಗದ್ದು ಇನ್ನೊಂದಿದೆ: ಆ ಕಾಲದ ನೆಗೆಟಿವ್‌ಗಳು. ಚೆನ್ನಾಗಿ ತೊಳೆದು ಒಣಗಿಸಿ ಇಟ್ಟ ನೆಗೆಟಿವ್ ದಶಕಗಟ್ಟಲೆ ಬಾಳುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಸಿಕ್ಕರೆ ಬೂಷ್ಟು ಹಿಡಿಯುತ್ತದೆ. ಸತ್ತ ಫಿಲ್ಮಿಗಾಗಿ ಕೊರಗುವ ನಾವು ಅದರಲ್ಲೇ ತೆಗೆದ ಚಿತ್ರಗಳನ್ನು ಅಟ್ಟದ ಮೇಲೆ ಕೊಳೆಯಲು ಬಿಟ್ಟಿದ್ದೇವೆ.

ಮನೆಗೆ ಹೋದಮೇಲೆ ಆ ಡಬ್ಬ ಕೆಳಗಿಳಿಸಿ. ಒಂದೊಂದು ನೆಗೆಟಿವನ್ನೂ ಕಾಗದದ ಲಕೋಟೆಗೆ ಹಾಕಿ, ಚಿತ್ರದಲ್ಲಿ ಯಾರಿದ್ದಾರೆಂದು ಮೇಲೆ ಬರೆದಿಡಿ. ಗುರುತು ಹೇಳಬಲ್ಲ ಹಿರಿಯರು ಇರುವಾಗಲೇ ಬರೆದಿಡಿ.