ಸೇಂಟ್ ಆಸಫ್: ನುಡಿಯ ನೆನಪಿನ ಊರು

ನಗರವೆಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಜನಜಂಗುಳಿ, ಅಂಗಡಿಸಾಲು, ವಾಹನಗಳ ಗದ್ದಲ. ಮೂರೂವರೆ ಸಾವಿರದಷ್ಟು ಜನರಿರುವ ಊರೊಂದು ನಗರವೆನಿಸಿಕೊಂಡಿದೆ ಎಂದರೆ ಯಾರಾದರೂ ನಕ್ಕಾರು. ವೇಲ್ಸ್ ನಾಡಿನ ಉತ್ತರ ಭಾಗದಲ್ಲಿ ಅಂಥದೊಂದು ಊರಿದೆ. ಇಂಗ್ಲಿಷಿನಲ್ಲಿ ಅದರ ಹೆಸರು ಸೇಂಟ್ ಆಸಫ್; ವೆಲ್ಷ್ ನುಡಿಯಲ್ಲಿ ಲ್ಲಾನೆಲ್ವಿ. 2012ರಲ್ಲಿ ಅದಕ್ಕೆ ನಗರವೆಂಬ ಪದವಿ ದೊರೆಯಿತು. ಮಗಳ ಮನೆಯಲ್ಲಿ ಕೆಲವು ವಾರ ಇದ್ದು ಬರಲೆಂದು ಇಂಗ್ಲೆಂಡಿಗೆ ಹೋಗಿದ್ದ ನಾನು ಒಂದು ದಿನ ಈ ಊರನ್ನು ನಡೆದು ನೋಡುವ ತಂಡವೊಂದನ್ನು ಸೇರಿಕೊಂಡೆ. ಊರಿನ ಇತಿಹಾಸ ಬಲ್ಲವರೊಬ್ಬರು ಹತ್ತಾರು ಜನರನ್ನು ಕರೆದುಕೊಂಡು, ನಿಂತಲ್ಲಿ ನಿಂತು ವಿವರಿಸುತ್ತ ಮುಂದೆ ಸಾಗುವುದು ಅಲ್ಲಿಯ ಪದ್ಧತಿ. ನಮಗೆ ದಾರಿ ತೋರಿದವರು ನಿವೃತ್ತ ಶಿಕ್ಷಕಿಯೊಬ್ಬರು.

ನಮ್ಮ ನಡಿಗೆ ಎಲ್ವಿ ನದಿಯ ಸೇತುವೆಯ ಬಳಿ ಮೊದಲಾಯಿತು. ಲ್ಲಾನ್ ಎಂದರೆ ಚರ್ಚು ಮತ್ತು ಅದರ ಆವರಣ. ಎಲ್ವಿಯ ದಂಡೆಯ ಚರ್ಚು ಎಂಬುದೇ ಊರಿನ ಹೆಸರಿನ ಅರ್ಥ. ಆ ಮೊದಲ ಅಕ್ಷರದ ಉಚ್ಚಾರ ನಮ್ಮ ವರ್ಣಮಾಲೆಯಲ್ಲಿಲ್ಲ. ‘ಲ’ಕಾರಕ್ಕೆಂದು ನಾಲಗೆಯನ್ನು ಇರಿಸಿ, ಕಂಠದ ನಾದವಿಲ್ಲದೆ ಉಸಿರನ್ನು ನಾಲಗೆಯ ಪಕ್ಕದಿಂದ ಬಿಟ್ಟರೆ ಅದು ಹೊರಡುತ್ತದೆ. ಆ ಶಿಕ್ಷಕಿ ನಮ್ಮೆಲ್ಲರಿಂದಲೂ ಅದನ್ನು ಹೇಳಿಸಿದರು. ಈ ಶಾಂತವಾದ ನದಿಯೇ, ಊರು ನಗರವಾದ ವರ್ಷವೇ, ನವೆಂಬರಿನಲ್ಲಿ ಉಕ್ಕಿ ನೂರಾರು ಮನೆಗಳಿಗೆ ನುಗ್ಗಿತ್ತಂತೆ.

ಸೇತುವೆಯ ಸಮೀಪದಲ್ಲಿಯೇ ಊರಿನ ಸಾಮಾನ್ಯ ಚರ್ಚು. ಅದರ ಅಂಗಳದಲ್ಲಿ ‘ಡಿಕ್ ಅಬೆರ್‌ಡಾರನ್’ ಎಂದು ಪ್ರಸಿದ್ಧನಾದ ರಿಚರ್ಡ್ ರಾಬರ್ಟ್ ಜೋನ್ಸನ ಸಮಾಧಿಯಿದೆ. ಬಡಗಿಯ ಮಗ, ಶಾಲೆಯ ವಿದ್ಯೆ ಅಷ್ಟಕ್ಕಷ್ಟೆ. ಆದರೂ ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಹಲವು ಭಾಷೆಗಳನ್ನು ತಾನಾಗಿ ಕಲಿತವನು. ಅಂಗಿಯ ತುಂಬ ಪುಸ್ತಕಗಳನ್ನು ತುರುಕಿಕೊಂಡು ಊರೂರು ಅಲೆಯುತ್ತಿದ್ದ. ವೆಲ್ಷ್, ಗ್ರೀಕ್, ಹೀಬ್ರೂ ಮೂರನ್ನೂ ಒಳಗೊಂಡ ನಿಘಂಟೊಂದನ್ನು ರಚಿಸಿದ, ಅದು ಅಚ್ಚಾಗಲಿಲ್ಲ. 1843ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡ. ದೊಡ್ಡ ಚರ್ಚಿಗೆ ಹೋಗುವ ಮುನ್ನ ಈ ಬಡ ವಿದ್ವಾಂಸನಿಗೆ ಒಂದು ನಮಸ್ಕಾರ ಸಲ್ಲಿಸುವುದು ಉಚಿತವೆಂದು ನನಗೆ ತೋರಿತು.

ಊರಿನಲ್ಲಿ ಇನ್ನೊಂದು ಸ್ಮಾರಕವಿದೆ. ಅದರ ಕಥೆ ಬೇರೆ. 1847ರಲ್ಲಿ ಆರು ವರ್ಷದ ಬಾಲಕನೊಬ್ಬನನ್ನು ಬಂಧುಗಳು ಇಲ್ಲಿಯ ಅನಾಥಾಲಯದಂತಿದ್ದ ದುಡಿಮೆಯ ಮನೆಗೆ ಸೇರಿಸಿದರು. ಒಂಬತ್ತು ವರ್ಷ ಅಲ್ಲಿ ಬೆಳೆದ ಜಾನ್ ರೋಲೆಂಡ್ಸ್ ಮುಂದೆ ಅಮೆರಿಕಕ್ಕೆ ಹೋಗಿ, ಹೆಸರು ಬದಲಿಸಿಕೊಂಡು, ಹೆನ್ರಿ ಮಾರ್ಟನ್ ಸ್ಟ್ಯಾನ್ಲಿಯಾದ. 1871ರಲ್ಲಿ ಆಫ್ರಿಕದ ನಡುನಾಡಿನಲ್ಲಿ ಲಿವಿಂಗ್‌ಸ್ಟನ್ನನನ್ನು ಕಂಡುಹಿಡಿದವನು ಅವನೇ. ಬೆಲ್ಜಿಯಮ್ಮಿನ ದೊರೆ ಲಿಯೋಪೋಲ್ಡನ ಪರವಾಗಿ ಕಾಂಗೋ ನಾಡನ್ನು ವಶಮಾಡಿಕೊಳ್ಳಲು ನೆರವಾದವನೂ ಅವನೇ. 2011ರಲ್ಲಿ ನಿಲ್ಲಿಸಿದ ಆ ಕಂಬವನ್ನು ಕಿತ್ತುಹಾಕಬೇಕೆಂಬ ಕೂಗೂ ಎದ್ದಿತ್ತು. ಕೀರ್ತಿಯಿಂದಷ್ಟೇ ಒಬ್ಬನು ಊರಿನ ಹೆಮ್ಮೆಯಾಗಲಾರನೆಂಬುದಕ್ಕೆ ಆ ಕಂಬವೇ ಸಾಕ್ಷಿ.

ಏರುದಾರಿಯಲ್ಲಿ ನಡೆದು ಕೊನೆಗೆ ಪ್ರಧಾನ ಚರ್ಚನ್ನು, ಎಂದರೆ ಬಿಷಪ್ಪನ ಪೀಠವಿರುವ ಕೆಥೀಡ್ರಲನ್ನು, ತಲಪಿದೆವು. ಬ್ರಿಟನ್ನಿನ ಪ್ರಾಚೀನ ಕೆಥೀಡ್ರಲುಗಳಲ್ಲಿ ಇದೇ ಅತಿ ಚಿಕ್ಕದೆಂದು ಹೇಳುತ್ತಾರೆ. ಆರನೆಯ ಶತಮಾನದಲ್ಲಿ ಸಂತ ಕೆಂಟಿಗರ್ನ್ ಇಲ್ಲಿ ನೆಲೆಗೊಳಿಸಿದ ಮಠವನ್ನು ಅವನ ಶಿಷ್ಯ ಆಸಫ್ ಮುಂದುವರಿಸಿದನೆಂಬುದು ಪ್ರತೀತಿ. ಚಳಿಯಿಂದ ನಡುಗುತ್ತಿದ್ದ ಗುರುವಿಗಾಗಿ ಶಿಷ್ಯ ಮಡಿಲಲ್ಲಿ ಕೆಂಡ ತುಂಬಿಕೊಂಡು ತಂದನಂತೆ, ಬಟ್ಟೆ ಸುಡಲಿಲ್ಲವಂತೆ. ಆದರೆ ಅವನ ಹೆಸರಿನ ಕಟ್ಟಡಕ್ಕೆ ಆ ಭಾಗ್ಯವಿರಲಿಲ್ಲ. 1282ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡನ ಸೈನಿಕರು ಅದನ್ನು ಸುಟ್ಟರು. ಮತ್ತೆ ಕಟ್ಟಿದ ಮೇಲೆ, 1402ರಲ್ಲಿ, ವೇಲ್ಸಿನ ಸ್ವಾತಂತ್ರ್ಯಕ್ಕಾಗಿ ಬಂಡೆದ್ದ ಓವೈನ್ ಗ್ಲಿಂಡೂರನ ಪಡೆ ಸುಟ್ಟಿತು. ಪರರೂ ಸುಟ್ಟರು, ತನ್ನವರೂ ಸುಟ್ಟರು.

ಅದರ ಎದುರಿಗೆ 1892ರಲ್ಲಿ ಅನಾವರಣಗೊಂಡ ಶಿಲಾಸ್ಮಾರಕವೊಂದಿದೆ. ಸೇನಾಪತಿಗಳಿಗೂ ಸಾಮ್ರಾಜ್ಯ ಕಟ್ಟಿದವರಿಗೂ ಎತ್ತಿದ ಸ್ಮಾರಕಗಳನ್ನು ಬೇಕಾದಷ್ಟು ಕಂಡಿದ್ದೇನೆ. ಭಾಷಾಂತರಕಾರರಿಗಾಗಿ ಎತ್ತಿದ ಸ್ಮಾರಕವನ್ನು ನಾನು ಕಂಡದ್ದು ಇದೊಂದೇ. ಬೈಬಲನ್ನು ವೆಲ್ಷ್ ನುಡಿಗೆ ತಂದ ವಿಲಿಯಂ ಮಾರ್ಗನ್, ಅವನ ಹಿಂದಿನವರು, ಅವನ ಸಹಾಯಕರು, ಅವನ ತರುವಾಯದವರು, ಎಲ್ಲರೂ ಅಲ್ಲಿ ಪ್ರತಿಮೆಗಳಾಗಿ ನಿಂತಿದ್ದಾರೆ.

ಈ ಗೌರವದ ಅರ್ಥ ತಿಳಿಯಬೇಕಾದರೆ ಅಂದಿನ ಸ್ಥಿತಿಯನ್ನು ನೆನೆಯಬೇಕು. 1536ರ ಕಾನೂನು ವೇಲ್ಸನ್ನು ಇಂಗ್ಲೆಂಡಿನೊಡನೆ ಸೇರಿಸಿತು. ನ್ಯಾಯಾಲಯದಲ್ಲಿ ಇಂಗ್ಲಿಷೊಂದೇ ನಡೆಯತಕ್ಕದ್ದು, ವೆಲ್ಷ್ ಬಳಸುವವರಿಗೆ ಅಧಿಕಾರಸ್ಥಾನವಿಲ್ಲ ಎಂದು ವಿಧಿಸಿತು. ಆದರೆ ಹೊಸ ಮತವನ್ನು ಜನರಿಗೆ ಬೋಧಿಸಬೇಕಾದರೆ ಅವರ ನುಡಿಯೇ ಬೇಕಾಯಿತು. 1563ರಲ್ಲಿ ಬೈಬಲನ್ನು ವೆಲ್ಷ್‌ಗೆ ತರಬೇಕೆಂದು ಪಾರ್ಲಿಮೆಂಟು ಆಜ್ಞೆ ಮಾಡಿತು. ಜೊತೆಗೆ, ಪಕ್ಕದಲ್ಲಿ ಇಂಗ್ಲಿಷ್ ಪ್ರತಿಯನ್ನೂ ಇಡಬೇಕು, ಎರಡನ್ನೂ ಹೋಲಿಸಿ ಓದಿ ಜನ ಬೇಗ ಇಂಗ್ಲಿಷ್ ಕಲಿಯಲಿ, ಎಂಬ ಮಾತನ್ನೂ ಸೇರಿಸಿತು! ನುಡಿಯನ್ನು ದಾಟಲೆಂದು ಹಾಕಿದ ಹಲಗೆಯೇ ಅದಕ್ಕೆ ಆಸರೆಯ ತೊಲೆಯಾದದ್ದು ಇತಿಹಾಸದ ವಿನೋದ.

1567ರಲ್ಲಿ ವಿಲಿಯಂ ಸಾಲ್ಸ್‌ಬರಿ ಮತ್ತು ಅವನ ಜೊತೆಗಾರರ ಹೊಸ ಒಡಂಬಡಿಕೆ ಪ್ರಕಟವಾಯಿತು. ಸಾಲ್ಸ್‌ಬರಿ ಮಹಾ ಪಂಡಿತ, ಅದೇ ತೊಡಕಾಯಿತು. ವೆಲ್ಷ್‌ನಲ್ಲಿ ಪದದ ಮೊದಲ ವ್ಯಂಜನವೇ ಹಿಂದಿನ ಪದಕ್ಕೆ ತಕ್ಕಂತೆ ಮಾರ್ಪಡುತ್ತದೆ. ಆ ನಾಡಿನ ಹೆಸರು ಕಮ್ರಿ. ಗಡಿಯ ಸ್ವಾಗತಫಲಕದಲ್ಲಿ ಅದು ‘ಗಮ್ರಿ’ ಆಗುತ್ತದೆ. ಕ, ತ, ಪಗಳಿಗೆ ಗ, ದ, ಬಗಳು ಬರುವ ಈ ಆದೇಶವನ್ನು ಕಂಡಾಗ, ನಾಲ್ಕು ದಶಕ ತರಗತಿಯಲ್ಲಿ ‘ಮಳೆಗಾಲ’ವನ್ನು ಬಿಡಿಸಿ ತೋರಿಸಿದವನಿಗೆ ಎಷ್ಟು ಸಂತೋಷವಾಗಿರಬಹುದೆಂದು ನೀವೇ ಊಹಿಸಿ. ಇನ್ನು ಕೆಲವೆಡೆ ಅದು ಅನುನಾಸಿಕವಾಗುತ್ತದೆ: ‘ಪೆನ್’ ಎಂದರೆ ತಲೆ, ‘ನನ್ನ ತಲೆ’ ಎನ್ನುವಾಗ ಪಕಾರ ಮಕಾರವಾಗುತ್ತದೆ. ಇಂಥಲ್ಲಿ ಸಾಲ್ಸ್‌ಬರಿ ಮೂಲದ ಅಕ್ಷರವನ್ನೇ ಬರೆದ. ಪುಟದಲ್ಲಿ ‘ಮಳೆಕಾಲ’ ಎಂದು ಅಚ್ಚುಹಾಕಿ ‘ಮಳೆಗಾಲ’ ಎಂದು ಓದಿಕೊಳ್ಳಿ ಎಂದಂತಾಯಿತು. ಲ್ಯಾಟಿನ್ನಿನಿಂದ ಬಂದ ಪದಗಳನ್ನು ಲ್ಯಾಟಿನ್ನಿಗೆ ಹತ್ತಿರವಾಗಿ ತಿದ್ದಿಯೂ ಬರೆದ. ಓದುವ ಪಾದ್ರಿಗಳು ಮುಗ್ಗರಿಸಿದರು.

ಮಾರ್ಗನ್ ಕೇಂಬ್ರಿಜ್ಜಿನಲ್ಲಿ ಹೀಬ್ರೂ, ಗ್ರೀಕ್ ಕಲಿತವನು. ಇದೇ ಬಿಷಪ್ ಪ್ರಾಂತದ ಹಳ್ಳಿಯೊಂದರಲ್ಲಿ ಪಾದ್ರಿಯಾಗಿದ್ದು, ಸ್ಥಳೀಯರ ಜಗಳ, ವ್ಯಾಜ್ಯಗಳ ನಡುವೆ ಇಡೀ ಬೈಬಲನ್ನು ಅನುವಾದಿಸಿದ. ಅಚ್ಚಿನ ಕೆಲಸಕ್ಕಾಗಿ ಲಂಡನ್ನಿನಲ್ಲಿ ಸುಮಾರು ಒಂದು ವರ್ಷ ನಿಂತ. 1588ರಲ್ಲಿ ಗ್ರಂಥ ಹೊರಬಂದಿತು. ಹಳೆಯ ಕವಿಗಳ ಪ್ರೌಢ ನುಡಿಗಟ್ಟನ್ನು ಆಧಾರವಾಗಿ ಹಿಡಿದು, ಬರವಣಿಗೆಯನ್ನು ಉಚ್ಚಾರಕ್ಕೆ ಹೊಂದಿಸಿದ್ದು ಅವನ ವಿವೇಕ. ಕವಿಗಳ ಸಿರಿ ರೈತನ ಕಿವಿಗೆ ವಾರವಾರವೂ ಬೀಳತೊಡಗಿತು. 1601ರಲ್ಲಿ ಇಲ್ಲಿಗೇ ಬಿಷಪ್ಪನಾಗಿ ಬಂದ. 1604ರಲ್ಲಿ ಬಡವನಾಗಿಯೇ ಸತ್ತ. ಅವನ ಉತ್ತರಾಧಿಕಾರಿ ರಿಚರ್ಡ್ ಪ್ಯಾರಿಯೂ ವಿದ್ವಾಂಸ ಜಾನ್ ಡೇವಿಸನೂ ಪರಿಷ್ಕರಿಸಿದ 1620ರ ಆವೃತ್ತಿ 1988ರಲ್ಲಿ ಹೊಸ ಅನುವಾದ ಬರುವವರೆಗೂ ನಡೆಯಿತು. ಒಳಗೆ 1588ರ ಪ್ರತಿಯೊಂದನ್ನು ಇರಿಸಿದ್ದಾರೆ. ಅದರ ಮುಂದೆ ನಮ್ಮ ಮಾರ್ಗದರ್ಶಿ ಏನನ್ನೂ ವಿವರಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ಒಂದು ಗ್ರಂಥದಿಂದ ನುಡಿಯೊಂದು ಉಳಿದೀತೇ? ಸೋದರ ಭಾಷೆಯಾದ ಕಾರ್ನಿಷ್‌ಗೆ ಅಂದು ಬೈಬಲ್ ಬರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ ಅದು ಮನೆಮಾತಾಗಿ ಉಳಿಯಲಿಲ್ಲ. ಇದಕ್ಕೆ ಬೇರೆ ಕಾರಣಗಳೂ ಉಂಟು, ಆದರೆ ಇದೂ ಒಂದು. ಹಾಗೆಂದು ಗ್ರಂಥವಿದ್ದರೆ ಸಾಕೆನ್ನುವಂತಿಲ್ಲ. 1901ರಲ್ಲಿ ವೇಲ್ಸಿನ ಅರ್ಧದಷ್ಟು ಜನ ವೆಲ್ಷ್ ಬಲ್ಲವರಾಗಿದ್ದರು. 2021ರ ಜನಗಣತಿಯಲ್ಲಿ ಆ ಪ್ರಮಾಣ ನೂರಕ್ಕೆ 17.8. ನಡುವೆ, 1962ರಲ್ಲಿ, ಸಾಹಿತಿ ಸಾಂಡರ್ಸ್ ಲೂಯಿಸ್ ನುಡಿಯ ಭವಿತವ್ಯವನ್ನು ಕುರಿತು ಎಚ್ಚರಿಸಿದರು. ಆಕಾಶವಾಣಿಯ ಕೇಳುಗರು ಗಮನಿಸಬೇಕು, ಅದು ಒಂದು ರೇಡಿಯೋ ಭಾಷಣ! ಅದೇ ವರ್ಷ ಭಾಷಾ ಚಳವಳಿಯ ಸಂಘ ಹುಟ್ಟಿತು. 1982ರಲ್ಲಿ ವೆಲ್ಷ್ ದೂರದರ್ಶನ ಬಂದಿತು. 2011ರ ಕಾನೂನು ಅದಕ್ಕೆ ಆಡಳಿತಭಾಷೆಯ ಸ್ಥಾನವನ್ನು ಕೊಟ್ಟಿತು.

ಆ ಊರಿನ ಕಲ್ಲಿನ ಕಟ್ಟಡ ಎರಡು ಬಾರಿ ಸುಟ್ಟಿತು. ಪ್ರತಿ ಬಾರಿಯೂ ಯಾರೋ ಮತ್ತೆ ಕಟ್ಟಿದರು. ನುಡಿಯ ಕಟ್ಟಡ ಹಾಗೆ ಒಂದೇ ದಿನದಲ್ಲಿ ಉರಿದು ಬೀಳುವುದಿಲ್ಲ. ಆಡುವವರು ಒಬ್ಬೊಬ್ಬರಾಗಿ ಹೊರಗೆ ನಡೆದಾಗ, ಸದ್ದಿಲ್ಲದೆ ಪಾಳು ಬೀಳುತ್ತದೆ. ಮಾರ್ಗನ್ ಸೂರನ್ನು ಹೊದಿಸಿದ. ಒಳಗೆ ವಾಸ ಮಾಡಬೇಕಾದ ಕೆಲಸವನ್ನು ಅವನು ಯಾರ ಪರವಾಗಿಯೂ ಮಾಡಲಾರ. ಅದು ಪ್ರತಿಯೊಂದು ತಲೆಮಾರೂ ತಾನೇ ಮಾಡಬೇಕಾದದ್ದು.