ಮನೆತನದ ಕಾಯಿಲೆ ಮುಚ್ಚಿಡುವುದು ಬೇಡ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ಬೀಜದ ಅಡಿಕೆ ಆರಿಸುವಾಗ ನಾವು ತಾಯಿಮರ ನೋಡುತ್ತೇವೆ. ಮನುಷ್ಯರ ಕಾಯಿಲೆಗೆ ಮಾತ್ರ ಮೂಲ ಹುಡುಕದೆ "ಏನೋ ದೋಷ" ಅಂತ ಹೇಳಿ, ಹುಡುಗಿಯ ಸಂಬಂಧ ತಪ್ಪೀತೆಂದು ಮುಚ್ಚಿಡುತ್ತೇವೆ. ನಾವೂ ಮುಚ್ಚಿಟ್ಟವರೇ.

ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬಡ ದಲಿತ ಕುಟುಂಬಗಳವರಿಗೆ ಸೊಂಟದ ಕೀಲು ಸವೆದು ನಡೆಯಲಾಗದ ಕಾಯಿಲೆ ಕಾಣಿಸಿತು. ಗದ್ದೆಗೆ ಕೀಟನಾಶಕ ಹೊಡೆದದ್ದು, ಅಲ್ಲಿನ ಏಡಿ ತಿಂದದ್ದು ಕಾರಣವೆಂದು ಮೊದಲು ಶಂಕಿಸಿದರು. ವೈದ್ಯರು ಕುಟುಂಬಗಳ ವಂಶಾವಳಿ ಬರೆದು ನೋಡಿದಾಗ ಅದು ವಂಶದಲ್ಲಿ ಇಳಿದು ಬರುವುದೆಂದು ಕಂಡಿತು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ.

ಇಂತಹ ಕಾಯಿಲೆಯ ಜೀನ್ ಹುಡುಕಲು ಒಬ್ಬರ ರಕ್ತ ಸಾಲದು. ಕಾಯಿಲೆ ಇದ್ದವರದ್ದೂ ಬೇಕು, ಇಲ್ಲದವರದ್ದೂ ಬೇಕು; ಹೋಲಿಸಿ ನೋಡಬೇಕಲ್ಲ? ವೆನೆಜುವೆಲಾ ದೇಶದ ಮರಕೈಬೊ ಸರೋವರದ ದಡದ ಕುಟುಂಬಗಳು ಒಟ್ಟಾಗಿ ರಕ್ತ ಕೊಟ್ಟವು. ಅದರ ಬಲದಿಂದ ಹಂಟಿಂಗ್ಟನ್ ಎಂಬ ನರರೋಗದ ಜೀನ್ ನಾಲ್ಕನೇ ವರ್ಣತಂತುವಿನಲ್ಲಿದೆ ಎಂದು 1983ರಲ್ಲಿ ತಿಳಿಯಿತು. 1993ರಲ್ಲಿ ಜೀನೇ ಸಿಕ್ಕಿತು. ಇದೂ ಸಹಕಾರವೇ ಅಲ್ಲವೇ?

ಅಜ್ಜನಿಂದ ಮೊಮ್ಮಗನವರೆಗೆ ಒಂದೇ ಕಾಯಿಲೆ ಕಂಡರೆ ವೈದ್ಯರೆದುರು ಎಲ್ಲವನ್ನೂ ಹೇಳೋಣ. ಅದು ಯಾರ ತಪ್ಪೂ ಅಲ್ಲ.